ಹಳೆಯ ಗಾಣ, ಹೊಸ ಕಬ್ಬು

ಯುಗಾದಿಯ ಮಧ್ಯಾಹ್ನ. ಒಬ್ಬಟ್ಟಿನ ಊಟ ಮುಗಿದು, ಹಿರಿಯರು ಎಲೆ ಅಡಿಕೆಯ ತಟ್ಟೆಯನ್ನು ಮುಂದಿಟ್ಟುಕೊಂಡು ಕುಳಿತಿರುವ ಹೊತ್ತು. ಮಂಡ್ಯದ ಯಾವುದಾದರೊಂದು ಬಡಾವಣೆಯ ಇಂತಹ ಮನೆಯನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಮನೆಯ ಮಗ ಇಂಜಿನಿಯರಿಂಗ್ ಎರಡನೆಯ ವರ್ಷದಲ್ಲಿದ್ದಾನೆ. ಹಬ್ಬಕ್ಕೆಂದು ಮದ್ದೂರಿನಿಂದ ಸೋದರಮಾವನ ಮಗ ಬಂದಿದ್ದಾನೆ. ಮಳವಳ್ಳಿಯಿಂದ ಅತ್ತೆಯ ಮಗಳು ಬಂದಿದ್ದಾಳೆ. ಮೂವರೂ ಒಳಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಗುಂಪುಗೂಡಿದ್ದಾರೆ. ತೆರೆಯ ಮೇಲೆ ಓಡಬೇಕಾದ ವೀರನೊಬ್ಬ ಎರಡು ಹೆಜ್ಜೆ ಓಡಿ, ಒಂದು ಕ್ಷಣ ಕಲ್ಲಿನಂತೆ ನಿಂತು, ಮತ್ತೆ ಎರಡು ಹೆಜ್ಜೆ ಹಾಕುತ್ತಾನೆ. ಅಷ್ಟರಲ್ಲಿ ಶತ್ರು ಅವನನ್ನು ಮುಗಿಸಿರುತ್ತಾನೆ.

ಮಗ ಹೊರಗೆ ಬಂದು ತಂದೆಯ ಮುಂದೆ ನಿಲ್ಲುತ್ತಾನೆ.

"ಅಪ್ಪಾ, ಪ್ರೊಸೆಸರ್ ಬದಲಾಯಿಸಬೇಕು."

"ಯಾಕೆ, ಕೆಟ್ಟುಹೋಗಿದೆಯೇ?"

"ಕೆಟ್ಟಿಲ್ಲ. ಹಳೇದಾಗಿದೆ."

"ಹಳೇದಾದದ್ದನ್ನೆಲ್ಲ ಬದಲಾಯಿಸೋದಾದರೆ ಈ ಮನೇಲಿ ಮೊದಲು ನನ್ನನ್ನ ಬದಲಾಯಿಸಬೇಕಾಗುತ್ತೆ!"

ಎಲ್ಲರೂ ನಗುತ್ತಾರೆ, ಮಗ ಮಾತ್ರ ನಗುವುದಿಲ್ಲ. ಇಂದು ನಮ್ಮ ನಗರಗಳ ಸಾವಿರಾರು ಮನೆಗಳಲ್ಲಿ ನಡೆಯುತ್ತಿರುವ ಸಂವಾದ ಇದು. ತಂದೆಯ ಕಣ್ಣಿಗೆ ಇದು ದುಂದುವೆಚ್ಚ, ಅದೂ ಆಟಕ್ಕಾಗಿ. ಮಗನ ಕಣ್ಣಿಗೆ ಇದು ನ್ಯಾಯವಾದ ಬೇಡಿಕೆ. ಸ್ವಲ್ಪ ನಿಧಾನಿಸಿ ನೋಡಿದರೆ, ಇಬ್ಬರ ಮಾತೂ ಊಹೆಯ ಮಾತೇ. ಬೇಡವೆನ್ನುವವರು ಯಂತ್ರವನ್ನು ನೋಡಿಲ್ಲ, ಬೇಕೆನ್ನುವವನು ಅಳೆದಿಲ್ಲ.

ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದ ತಾತ ಈಗ ಬಾಯಿ ತೆರೆಯುತ್ತಾರೆ. ವಯಸ್ಸಿನಲ್ಲಿ ಅವರು ಊರಿನಲ್ಲಿ ಆಲೆಮನೆ ನಡೆಸಿದವರು.

"ಏನ್ಲಾ ಮೊಗ, ಆ ಪೆಟ್ಗೇಲಿ ಗಾಣ ಯಾವ್ದು, ಕೊಪ್ಪರ್ಗೆ ಯಾವ್ದು? ಅದ ಮೊದ್ಲು ಹೇಳು."

ಆಲೆಮನೆಯ ಪಾಠ

ತಾತನ ಪ್ರಶ್ನೆ ಹಾಸ್ಯವಲ್ಲ. ಇಡೀ ವಿಷಯದ ತಿರುಳು ಅದರಲ್ಲಿದೆ. ಆಲೆಮನೆಯಲ್ಲಿ ಎರಡು ಮುಖ್ಯ ಕೆಲಸಗಳು. ಗಾಣ ಕಬ್ಬನ್ನು ಅರೆದು ಹಾಲು ತೆಗೆಯುತ್ತದೆ. ಕೊಪ್ಪರಿಗೆ ಆ ಹಾಲನ್ನು ಕಾಯಿಸಿ ಬೆಲ್ಲಕ್ಕೆ ತರುತ್ತದೆ. ಗಾಣ ಎಷ್ಟೇ ಚುರುಕಾಗಿರಲಿ, ಕೊಪ್ಪರಿಗೆ ಚಿಕ್ಕದಾಗಿದ್ದರೆ ಹಾಲು ಕಾದು ನಿಂತು ಹುಳಿಯಾಗುತ್ತದೆ. ಕೊಪ್ಪರಿಗೆ ಎಷ್ಟೇ ದೊಡ್ಡದಾಗಿರಲಿ, ಗಾಣ ನಿಧಾನವಾದರೆ ಒಲೆ ಸುಮ್ಮನೆ ಉರಿಯುತ್ತದೆ. ದಿನಕ್ಕೆ ಎಷ್ಟು ಅಚ್ಚು ಬೆಲ್ಲ ಹೊರಬರುತ್ತದೆಂಬುದನ್ನು ನಿರ್ಧರಿಸುವುದು ಎರಡರಲ್ಲಿ ನಿಧಾನವಾದದ್ದೇ ಹೊರತು ಚುರುಕಾದದ್ದಲ್ಲ.

ಆಟವಾಡುವ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಎಂಬುದು ಗಾಣ. ಆಟಗಾರ ಗುಂಡಿ ಒತ್ತಿದಾಗ ಏನಾಗಬೇಕು, ಶತ್ರು ಯಾವ ಕಡೆ ತಿರುಗಬೇಕು, ಗೋಡೆಗೆ ತಾಗಿದ ಚೆಂಡು ಎತ್ತ ಪುಟಿಯಬೇಕು, ಈ ಲೆಕ್ಕಗಳೆಲ್ಲ ಅದರವು. ಲೆಕ್ಕ ಮುಗಿಸಿ, "ಇಂಥಿಂಥದನ್ನು ಬರೆ" ಎಂಬ ಆಜ್ಞೆಯನ್ನು ಅದು ಗ್ರಾಫಿಕ್ಸ್ ಕಾರ್ಡಿಗೆ ಕೊಡುತ್ತದೆ. ಬಣ್ಣ, ನೆರಳು, ಬೆಳಕುಗಳನ್ನು ತುಂಬಿ ಚಿತ್ರವನ್ನು ಪಾಕಕ್ಕೆ ತರುವ ಗ್ರಾಫಿಕ್ಸ್ ಕಾರ್ಡೇ ಕೊಪ್ಪರಿಗೆ. ಹೀಗೆ ಸಿದ್ಧವಾದ ಒಂದೊಂದು ಚಿತ್ರವೂ ಒಂದೊಂದು ಫ್ರೇಮ್. ಕ್ಷಣಕ್ಕೆ 60 ಫ್ರೇಮುಗಳು ಬಂದರೆ ಕಣ್ಣಿಗೆ ಆಟ ನಯವಾಗಿ ಕಾಣುತ್ತದೆ. ಹಾಗಾಗಬೇಕಾದರೆ ಒಂದು ಫ್ರೇಮಿಗೆ ಗಾಣಕ್ಕೂ ಕೊಪ್ಪರಿಗೆಗೂ ದೊರೆಯುವ ಕಾಲ, ಕ್ಷಣವನ್ನು ಸಾವಿರ ಭಾಗ ಮಾಡಿದರೆ ಸುಮಾರು 16 ಭಾಗ ಮಾತ್ರ. ಇಬ್ಬರಲ್ಲಿ ಒಬ್ಬರು ತಡಮಾಡಿದರೂ ವೀರ ಕಲ್ಲಾಗಿ ನಿಲ್ಲುತ್ತಾನೆ.

ಹಳೆಯದಾಗುವುದು ಎಂದರೇನು?

ಪ್ರೊಸೆಸರ್ ಎತ್ತಿನಂತೆ ಮುದಿಯಾಗುವುದಿಲ್ಲ. ಹತ್ತು ವರ್ಷದ ಹಿಂದೆ ಕ್ಷಣಕ್ಕೆ ಎಷ್ಟು ಲೆಕ್ಕ ಮಾಡುತ್ತಿತ್ತೋ, ತಣ್ಣಗೆ ಇಟ್ಟುಕೊಂಡರೆ ಇಂದೂ ಅಷ್ಟೇ ಮಾಡುತ್ತದೆ. ಬದಲಾಗಿರುವುದು ಗಾಣವಲ್ಲ, ಕಬ್ಬು.

ಇದಕ್ಕೆ ಸ್ಪಷ್ಟವಾದ ಚರಿತ್ರೆಯಿದೆ. 2017ಕ್ಕೆ ಮುಂಚೆ ಸುಮಾರು ಹತ್ತು ವರ್ಷಗಳ ಕಾಲ ಸಾಮಾನ್ಯ ಮನೆಗಳಿಗೆ ಇಂಟೆಲ್ ಕಂಪೆನಿ ಮಾರಿದ ಉತ್ತಮ ಪ್ರೊಸೆಸರುಗಳಲ್ಲಿ ನಾಲ್ಕು ಕೋರುಗಳಿರುತ್ತಿದ್ದುವು. ಕೋರ್ ಎಂದರೆ ಸ್ವತಂತ್ರವಾಗಿ ಲೆಕ್ಕ ಮಾಡಬಲ್ಲ ಒಬ್ಬ ಆಳು. 2017ರ ಮಾರ್ಚಿಯಲ್ಲಿ ಎ.ಎಂ.ಡಿ. ಕಂಪೆನಿಯು ಎಂಟು ಕೋರುಗಳ ರೈಜೆನ್ ಪ್ರೊಸೆಸರನ್ನು ಪೇಟೆಗೆ ತಂದಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲ್ ಆರಕ್ಕೆ ಏರಿತು.

ಆದರೂ ಆಟಗಳು ಕೂಡಲೇ ಭಾರವಾಗಲಿಲ್ಲ. ದೊಡ್ಡ ಆಟಗಳನ್ನು ಬರೆಯುವವರು ಕಂಪ್ಯೂಟರಿಗಿಂತ ಮುಂಚೆ ಟೆಲಿವಿಷನ್ನಿಗೆ ಜೋಡಿಸುವ ಆಟದ ಯಂತ್ರಗಳನ್ನು ಗಮನದಲ್ಲಿಟ್ಟುಕೊಳ್ಳುತ್ತಾರೆ. 2013ರಲ್ಲಿ ಬಂದ ಪ್ಲೇಸ್ಟೇಷನ್ 4 ಯಂತ್ರದ ಪ್ರೊಸೆಸರ್ ದುರ್ಬಲವಾದದ್ದು. ಅದರ ಅಳತೆಗೆ ಬರೆದ ಆಟಗಳು ಮನೆಯ ನಾಲ್ಕು ಕೋರುಗಳ ಯಂತ್ರಕ್ಕೆ ಭಾರವೆನಿಸಲಿಲ್ಲ. 2020ರ ನವೆಂಬರಿನಲ್ಲಿ ಪ್ಲೇಸ್ಟೇಷನ್ 5 ಬಂದಿತು. ಅದರಲ್ಲಿ ಬಲವಾದ ಎಂಟು ಕೋರುಗಳಿದ್ದುವು. ಹಳೆಯ ಯಂತ್ರವನ್ನು ಬಿಟ್ಟು ಹೊಸದರ ಅಳತೆಗೇ ಬರೆದ ಆಟಗಳು ಬರತೊಡಗಿದ ಮೇಲೆ, ಅದುವರೆಗೆ ನಿಶ್ಚಿಂತೆಯಿಂದಿದ್ದ ಹಳೆಯ ಪ್ರೊಸೆಸರುಗಳು ಏದುಸಿರು ಬಿಡತೊಡಗಿದುವು. ಆದುದರಿಂದ "ಹಳೆಯದಾಗಿದೆ" ಎಂಬ ಮಾತಿಗೆ "ಯಾವ ಆಟಕ್ಕೆ?" ಎಂಬ ಪ್ರಶ್ನೆ ಸೇರದಿದ್ದರೆ ಅರ್ಥವಿಲ್ಲ. ಹಳೆಯ ಆಟಗಳನ್ನೇ ಪ್ರೀತಿಯಿಂದ ಆಡುವವನಿಗೆ ಹಳೆಯ ಪ್ರೊಸೆಸರ್ ಇಂದಿಗೂ ಹಳೆಯದಲ್ಲ.

ಶಿವನಸಮುದ್ರದ ಸಾಕ್ಷಿ

ಯಂತ್ರ ಸಾಲದೆಂದು ಕಂಡಾಗ ಕೊರತೆ ಎಲ್ಲಿದೆಯೆಂದು ಹುಡುಕುವ ವಿವೇಕ ಈ ಜಿಲ್ಲೆಗೆ ಹೊಸದೇನೂ ಅಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ತೆಗೆದು, 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಕಳುಹಿಸಲಾಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆ ಅದು. 1905ರಲ್ಲಿ ಅದೇ ವಿದ್ಯುತ್ತು ಬೆಂಗಳೂರಿನ ಬೀದಿಗಳನ್ನು ಬೆಳಗಿತು. ಗಣಿಗಳ ಬೇಡಿಕೆ ಏರಿತು, ಯಂತ್ರಗಳನ್ನು ಹೆಚ್ಚಿಸಲಾಯಿತು. ಆದರೆ ಬೇಸಗೆ ಬಂದರೆ ನದಿ ಸೊರಗುತ್ತಿತ್ತು. ನೀರೇ ಇಲ್ಲದ ಮೇಲೆ ಇನ್ನೆಷ್ಟು ಯಂತ್ರಗಳನ್ನು ಕೂರಿಸಿದರೆ ಏನು ಫಲ?

ಇಕ್ಕಟ್ಟು ಯಂತ್ರದಲ್ಲಿಲ್ಲ, ನೀರಿನಲ್ಲಿದೆ ಎಂಬುದನ್ನು ಇಂಜಿನಿಯರುಗಳು ಕಂಡರು. ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರ್ ಆಗಿದ್ದ ಕಾಲದಲ್ಲಿ, 1911ರಲ್ಲಿ, ಕನ್ನಂಬಾಡಿಯ ಅಣೆಕಟ್ಟಿನ ಕೆಲಸ ಆರಂಭವಾಯಿತು. ಶಿವನಸಮುದ್ರಕ್ಕೆ ವರ್ಷವಿಡೀ ಸಮನಾಗಿ ನೀರು ಕೊಡುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಆ ಅಣೆಕಟ್ಟಿನಿಂದ ಹೊರಟ ನಾಲೆ ಮುಂದೆ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರು ತಂದಿತು; ಕಬ್ಬು ಬಂದಿತು; 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾಯಿತು. ಕೊರತೆಯ ಜಾಗವನ್ನು ಸರಿಯಾಗಿ ಗುರುತಿಸಿದ್ದರ ಫಲವನ್ನು ಮೂರು ಊರುಗಳೂ ಇಂದಿಗೂ ಉಣ್ಣುತ್ತಿವೆ.

ಅರ್ಧ ಗಂಟೆಯ ಪರೀಕ್ಷೆ

ಕಂಪ್ಯೂಟರಿನ ಇಕ್ಕಟ್ಟನ್ನು ಕಂಡುಹಿಡಿಯುವುದಕ್ಕೆ ಅಣೆಕಟ್ಟಿನಷ್ಟು ಶ್ರಮ ಬೇಕಿಲ್ಲ. ಒಂದು ಕಾಗದ, ಒಂದು ಪೆನ್ಸಿಲ್, ಅರ್ಧ ಗಂಟೆಯ ಬಿಡುವು ಸಾಕು. ಆಟ ನಡೆಯುತ್ತಿರುವಾಗಲೇ ತೆರೆಯ ಮೂಲೆಯಲ್ಲಿ ಫ್ರೇಮುಗಳ ಸಂಖ್ಯೆ, ಪ್ರೊಸೆಸರಿನ ಶಾಖ, ಗ್ರಾಫಿಕ್ಸ್ ಕಾರ್ಡು ನೂರಕ್ಕೆ ಎಷ್ಟು ಪಾಲು ದುಡಿಯುತ್ತಿದೆ ಎಂಬುದನ್ನು ತೋರಿಸುವ ಉಚಿತ ಸಾಧನಗಳಿವೆ.

ಮೊದಲು ಗ್ರಾಫಿಕ್ಸ್ ಕಾರ್ಡನ್ನು ನೋಡಬೇಕು. ಅದು ನೂರಕ್ಕೆ 95ಕ್ಕಿಂತ ಹೆಚ್ಚು ದುಡಿಯುತ್ತಿದ್ದರೆ ಕೊಪ್ಪರಿಗೆಯೇ ಇಕ್ಕಟ್ಟು. ಹೊಸ ಪ್ರೊಸೆಸರಿಗೆ ಹಾಕಿದ ಹಣ ವ್ಯರ್ಥ. ಆಟ ತಡವರಿಸುತ್ತಿದ್ದರೂ ಕಾರ್ಡು 50-60ರಲ್ಲಿ ಆರಾಮವಾಗಿದ್ದರೆ, ಅದು ಹಾಲಿಗಾಗಿ ಕಾದು ಕುಳಿತಿದೆಯೆಂದು ಅರ್ಥ. ಸಂದೇಹ ಗಾಣದ ಮೇಲೆ ಬೀಳಬೇಕು.

ಎರಡನೆಯದು ಇನ್ನೂ ಸುಲಭ. ಆಟದ ಚಿತ್ರದ ಅಳತೆಯನ್ನು 1920×1080ರಿಂದ 1280×720ಕ್ಕೆ ಇಳಿಸಿ ಅದೇ ಜಾಗದಲ್ಲಿ ಮತ್ತೆ ಆಡಬೇಕು. ಚಿತ್ರ ಚಿಕ್ಕದಾದಷ್ಟೂ ಗ್ರಾಫಿಕ್ಸ್ ಕಾರ್ಡಿನ ಹೊರೆ ಇಳಿಯುತ್ತದೆ. ಪ್ರೊಸೆಸರಿನ ಹೊರೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ಫ್ರೇಮುಗಳು ಏರಿದರೆ ತಪ್ಪು ಕಾರ್ಡಿನದು. ಏರದಿದ್ದರೆ ಪ್ರೊಸೆಸರಿನದು.

ಇಲ್ಲಿ ಅನೇಕರು ಮೋಸಹೋಗುವ ಒಂದು ಅಂಶವುಂಟು. ಪ್ರೊಸೆಸರ್ ನೂರಕ್ಕೆ 40 ಪಾಲು ಮಾತ್ರ ದುಡಿಯುತ್ತಿದೆಯೆಂದು ತೆರೆ ತೋರಿಸುತ್ತದೆ. "ಇನ್ನೂ ಬೇಕಾದಷ್ಟು ಶಕ್ತಿ ಉಳಿದಿದೆ" ಎಂದು ನಂಬಿಬಿಡುತ್ತಾರೆ. ಗಾಣದ ಬಾಯಿಗೆ ಕಬ್ಬು ಕೊಡುವ ಆಳು ಒಬ್ಬನೇ ಬೆವರು ಸುರಿಸುತ್ತಿದ್ದು ಉಳಿದ ಆಳುಗಳು ನೆರಳಿನಲ್ಲಿ ಕುಳಿತಿದ್ದರೆ, ಸರಾಸರಿ ಲೆಕ್ಕದಲ್ಲಿ ಎಲ್ಲರೂ ಆರಾಮವಾಗಿರುವಂತೆಯೇ ಕಾಣುತ್ತದೆ. ಆಟಗಳ ಮುಖ್ಯ ಲೆಕ್ಕ ಅನೇಕವೇಳೆ ಒಂದೆರಡು ಕೋರುಗಳ ಮೇಲೆಯೇ ಬೀಳುವುದರಿಂದ ಒಂದೊಂದು ಕೋರನ್ನೂ ಬಿಡಿಬಿಡಿಯಾಗಿ ನೋಡುವುದು ಅವಶ್ಯ.

ಹಬ್ಬದ ಮಧ್ಯಾಹ್ನ ಮೂವರು ಮಕ್ಕಳೂ ಈ ಪರೀಕ್ಷೆಯನ್ನು ಕೈಗೊಂಡರೆಂದು ಭಾವಿಸೋಣ. ದೂರು ಒಂದೇ, ಆದರೆ ರೋಗ ಮೂರು ಬಗೆ.

ಮಂಡ್ಯ: ಗಾಣವೇ ಸಾಲದು

ಮಂಡ್ಯದ ಮನೆಯ ಯಂತ್ರ 2016ರಲ್ಲಿ ಕೊಂಡದ್ದು. ಅದರಲ್ಲಿರುವುದು ಇಂಟೆಲ್ ಕೋರ್ ಐ5-6500, ನಾಲ್ಕು ಕೋರುಗಳ ಪ್ರೊಸೆಸರ್. ಎರಡು ವರ್ಷದ ಹಿಂದೆ ಮಗ ಹಟಹಿಡಿದು ಒಳ್ಳೆಯ ಗ್ರಾಫಿಕ್ಸ್ ಕಾರ್ಡನ್ನು ಹಾಕಿಸಿಕೊಂಡಿದ್ದಾನೆ. ಪರೀಕ್ಷೆಯಲ್ಲಿ ದೊಡ್ಡ ಚಿತ್ರಕ್ಕೆ 41 ಫ್ರೇಮುಗಳು, ಚಿಕ್ಕ ಚಿತ್ರಕ್ಕೆ 43. ಕಾರ್ಡು ಅರ್ಧ ನಿದ್ರೆಯಲ್ಲಿದೆ. ನಾಲ್ಕು ಕೋರುಗಳೂ ತುಂಬಿ ತುಳುಕುತ್ತಿವೆ. ಮಗನ ಮಾತು ಸತ್ಯವಾಯಿತು.

ಆದರೆ ಸತ್ಯವಾದ ಮಾತ್ರಕ್ಕೆ ಉಪಾಯ ಸುಲಭವಾಗಲಿಲ್ಲ. ಪ್ರೊಸೆಸರ್ ಕೂರುವ ಮದರ್‌ಬೋರ್ಡಿನ ಪೀಠ ಎಲ್ಲ ಪ್ರೊಸೆಸರುಗಳನ್ನೂ ಒಪ್ಪುವುದಿಲ್ಲ. ಈ ಬೋರ್ಡು ಒಪ್ಪುವುದು ಇಂಟೆಲಿನ ಆರನೆಯ ಮತ್ತು ಏಳನೆಯ ತಲೆಮಾರುಗಳನ್ನು ಮಾತ್ರ. 2017ರ ಎಂಟನೆಯ ತಲೆಮಾರಿನ ಪೀಠ ನೋಡುವುದಕ್ಕೆ ಹೀಗೆಯೇ ಇದ್ದರೂ ಇದರಲ್ಲಿ ನಡೆಯದು. ಇದಕ್ಕೆ ಹೊಂದುವ ಅತ್ಯುತ್ತಮವಾದ ಏಳನೆಯ ತಲೆಮಾರಿನ ಐ7 ಕೂಡ ನಾಲ್ಕೇ ಕೋರುಗಳದ್ದು. ಅದನ್ನೂ ಯಾರೋ ಬಳಸಿಬಿಟ್ಟ ಸರಕಾಗಿಯೇ ಹುಡುಕಬೇಕು. ಇದರ ಮೇಲೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಅಂಗೀಕರಿಸುವ ಇಂಟೆಲ್ ಪ್ರೊಸೆಸರುಗಳು, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೆಯ ತಲೆಮಾರಿನಿಂದಲೇ ಆರಂಭ. ಹೀಗಿರುವಲ್ಲಿ ಐ7 ಕೊಳ್ಳುವುದೆಂದರೆ ಕುಸಿಯುತ್ತಿರುವ ಗೋಡೆಗೆ ಸುಣ್ಣ ಬಳಿದಂತೆ.

ಇಲ್ಲಿಯ ನ್ಯಾಯವಾದ ದಾರಿ ಪ್ರೊಸೆಸರ್, ಬೋರ್ಡು ಎರಡನ್ನೂ ಒಟ್ಟಿಗೆ ಬದಲಾಯಿಸುವುದು. ಇಲ್ಲವೇ ಅಷ್ಟು ಹಣ ಕೂಡುವ ತನಕ ಸುಮ್ಮನಿರುವುದು. ಹಳೆಯ ರ‍್ಯಾಮ್ ಡಿಡಿಆರ್4 ಜಾತಿಯದಾದರೆ ಅದನ್ನೇ ಒಪ್ಪುವ ಬೋರ್ಡನ್ನು ಆರಿಸಿ ಒಂದು ಖರ್ಚನ್ನು ಉಳಿಸಬಹುದು. ಇದು ಸಣ್ಣ ಉಳಿತಾಯವಲ್ಲ. 2025ರ ಕೊನೆಯ ತಿಂಗಳುಗಳಲ್ಲಿ, ಕೃತಕ ಬುದ್ಧಿಮತ್ತೆಯ ದೊಡ್ಡ ಯಂತ್ರಾಗಾರಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆ ಥಟ್ಟನೆ ಏರಿದುದನ್ನು ಕೊಳ್ಳುವವರು ಮರೆಯಲಾರರು.

ಮದ್ದೂರು: ಗಾಣಕ್ಕೆ ಧೂಳು

ಮದ್ದೂರಿನ ಹುಡುಗನ ಯಂತ್ರ 2018ರದು. ಆರು ಕೋರುಗಳ ರೈಜೆನ್ 5 2600. ಮನೆಗೆ ಮರಳಿ ಪರೀಕ್ಷಿಸಿದಾಗ ಆತನಿಗೆ ಒಂದು ವಿಚಿತ್ರ ಕಾಣುತ್ತದೆ. ಮೊದಲ ಹತ್ತು ನಿಮಿಷ ಆಟ ಸರಾಗ, ಅನಂತರ ಮುಗ್ಗರಿಕೆ. ಶಾಖ 95 ಡಿಗ್ರಿಗೆ ಏರಿರುತ್ತದೆ. ಪ್ರೊಸೆಸರಿಗೆ ಆತ್ಮರಕ್ಷಣೆಯ ಗುಣವಿದೆ. ಮಿತಿಮೀರಿ ಕಾದರೆ ಅದು ತಾನಾಗಿ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಪೆಟ್ಟಿಗೆ ಬಿಚ್ಚಿದರೆ ಫ್ಯಾನಿನ ಕೆಳಗಿನ ಲೋಹದ ಎಲೆಗಳ ನಡುವೆ ಕಂಬಳಿಯಂತೆ ಧೂಳು. ಪ್ರೊಸೆಸರಿನ ಶಾಖವನ್ನು ಲೋಹಕ್ಕೆ ದಾಟಿಸುವ ಲೇಪ ಒಣಗಿ ಹೆಕ್ಕಳಿಕೆಯಾಗಿದೆ. ಒಂದು ಕುಂಚ, ಒಂದು ಚಿಕ್ಕ ಕೊಳವೆ ಲೇಪ, ಇಷ್ಟರಿಂದಲೇ ಮುಗ್ಗರಿಕೆ ಅರ್ಧ ತಗ್ಗುತ್ತದೆ.

ಉಳಿದರ್ಧಕ್ಕೆ ಕಾರಣ, ಎರಡು ರ‍್ಯಾಮ್ ಪಟ್ಟಿಗಳು ಇರಬೇಕಾದಲ್ಲಿ ಒಂದೇ ಇರುವುದು. ಎರಡು ಪಟ್ಟಿಗಳಿದ್ದರೆ ಪ್ರೊಸೆಸರಿಗೆ ಎರಡು ಕಾಲುವೆಗಳಲ್ಲಿ ಸಾಮಗ್ರಿ ಹರಿದುಬರುತ್ತದೆ. ಒಂದಿದ್ದರೆ ಒಂದೇ ಕಾಲುವೆ. ಜೊತೆಯ ಪಟ್ಟಿಯನ್ನು ಸೇರಿಸಿದ ಮೇಲೂ ಆಸೆ ತೀರದಿದ್ದರೆ, ಆಗ ಪ್ರೊಸೆಸರಿನ ಮಾತು.

ಈ ಮನೆಯ ಭಾಗ್ಯವೆಂದರೆ ಬೋರ್ಡಿನ ಪೀಠ. ಎ.ಎಂ.ಡಿ.ಯ ಎಎಂ4 ಎಂಬ ಈ ಪೀಠದಲ್ಲಿ 2017ರ ಮೊದಲ ರೈಜೆನಿನಿಂದ ಹಿಡಿದು, ಆಟಕ್ಕೆಂದೇ ಹೆಸರಾಗಿ 2022ರಲ್ಲಿ ಬಂದ ರೈಜೆನ್ 7 5800ಎಕ್ಸ್3ಡಿಯವರೆಗೆ ಹಲವು ತಲೆಮಾರುಗಳು ಕೂರಬಲ್ಲವು. ಬೋರ್ಡಿನ ತಯಾರಕರ ಪಟ್ಟಿಯಲ್ಲಿ ಹೊಸ ಪ್ರೊಸೆಸರಿನ ಹೆಸರಿದೆಯೇ ಎಂದು ನೋಡಿಕೊಂಡರೆ, ಪ್ರೊಸೆಸರನ್ನಷ್ಟೇ ಬದಲಾಯಿಸಿ ಮುಗಿಸಬಹುದು. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಹಳೆಯದನ್ನು ಕೀಳುವ ಮುಂಚೆಯೇ ಬೋರ್ಡಿನ ಬಯಾಸ್ ಎಂಬ ಮೂಲ ತಂತ್ರಾಂಶವನ್ನು ಹೊಸದಾಗಿಸಬೇಕು. ಆ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡೇ ನಿರುಪಯುಕ್ತವಾದೀತು. ಯು.ಪಿ.ಎಸ್. ಇಲ್ಲದ ಮನೆಯವರು ಈ ಕೆಲಸವನ್ನು ಅಂಗಡಿಯವರಿಗೆ ಒಪ್ಪಿಸುವುದು ಕ್ಷೇಮ.

ಮಳವಳ್ಳಿ: ಗಾಣದ ತಪ್ಪೇ ಅಲ್ಲ

ಮಳವಳ್ಳಿಯ ಹುಡುಗಿಯದು ಲ್ಯಾಪ್‌ಟಾಪ್. ಈಚಿನ ಬಹುತೇಕ ಲ್ಯಾಪ್‌ಟಾಪುಗಳಲ್ಲಿ ಪ್ರೊಸೆಸರನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಬದಲಾಯಿಸುವ ಪ್ರಶ್ನೆಯೇ ಏಳದು. "ಹಾಗಾದರೆ ಹೊಸ ಲ್ಯಾಪ್‌ಟಾಪೇ ಬೇಕು" ಎಂಬುದು ಆಕೆಯ ವಾದ. ಪರೀಕ್ಷೆ ಬೇರೆಯೇ ಕಥೆ ಹೇಳುತ್ತದೆ. ಫ್ರೇಮುಗಳು 60ರಲ್ಲಿ ಅಲುಗಾಡದೆ ನಿಂತಿವೆ. ಆ ತೆರೆ ಕ್ಷಣಕ್ಕೆ ತೋರಿಸಬಲ್ಲದ್ದೂ 60 ಚಿತ್ರಗಳನ್ನೇ. ಆದರೂ ಇತರರೊಡನೆ ಆಡುವಾಗ ಆಕೆಯ ಗುಂಡು ತಡವಾಗಿ ಹಾರುತ್ತದೆ. ಕಾರಣ ಪಿಂಗ್, ಅಂದರೆ ಮನೆಯಿಂದ ಹೊರಟ ಸಂದೇಶ ಆಟದ ದೂರದ ಯಂತ್ರವನ್ನು ಮುಟ್ಟಿ ಮರಳಲು ಹಿಡಿಯುವ ಕಾಲ. ಎರಡು ಗೋಡೆಗಳಾಚೆ ಇರುವ ವೈಫೈ ಪೆಟ್ಟಿಗೆಯಿಂದ ಬರುವ ಸಂಪರ್ಕ ಒಮ್ಮೆ ನೆಟ್ಟಗಿದ್ದು ಒಮ್ಮೆ ತೊದಲುತ್ತದೆ. ಇದಕ್ಕೆ ಜಗತ್ತಿನ ಅತ್ಯಂತ ಬಲಿಷ್ಠ ಪ್ರೊಸೆಸರಿನಿಂದಲೂ ಪರಿಹಾರವಿಲ್ಲ. ಕೆಲವು ಮೀಟರ್ ತಂತಿಯನ್ನು ಎಳೆದು ನೇರವಾಗಿ ಜೋಡಿಸಿದರೆ ಪರಿಹಾರವುಂಟು. ಚಾರ್ಜರ್ ಹಾಕಿಕೊಂಡು ಆಡುವುದು, ಹಾಸಿಗೆಯ ಮೇಲಿಟ್ಟು ಗಾಳಿಯ ಕಿಂಡಿಗಳನ್ನು ಮುಚ್ಚದಿರುವುದು, ಇವೂ ಬಿಡಿಗಾಸಿನ ಖರ್ಚಿಲ್ಲದ ಔಷಧಗಳು.

ಬೆಂಗಳೂರಿಗೆ ಹೊರಡುವ ಮುನ್ನ

ಈ ಕಡೆಯವರು ಕಂಪ್ಯೂಟರಿನ ಬಿಡಿಭಾಗಗಳಿಗಾಗಿ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಗೆ ಹೋಗುವುದು ರೂಢಿ. ಎಸ್.ಪಿ. ರೋಡ್ ಎಂದರೆ ಮಕ್ಕಳಿಗೆಲ್ಲ ಗೊತ್ತು. ಅಲ್ಲಿ ಕಾಲಿಟ್ಟ ಮೇಲೆ ಆಸೆಗೆ ಕಡಿವಾಣವಿರುವುದಿಲ್ಲ. ಆದುದರಿಂದ ಬೋರ್ಡಿನ ಹೆಸರು, ಅದು ಒಪ್ಪುವ ಪ್ರೊಸೆಸರುಗಳ ಪಟ್ಟಿ, ರ‍್ಯಾಮಿನ ಜಾತಿ, ವಿದ್ಯುತ್ತು ಸರಬರಾಜು ಮಾಡುವ ಪೆಟ್ಟಿಗೆಯ ವ್ಯಾಟು, ಈ ನಾಲ್ಕನ್ನು ಮನೆಯಲ್ಲಿಯೇ ಬರೆದುಕೊಂಡು ಹೊರಡುವುದು ಲೇಸು. ಬಳಸಿದ ಸರಕನ್ನು ಕೊಳ್ಳುವವರು ಅದು ನಡೆಯುವುದನ್ನು ಕಣ್ಣಾರೆ ಕಂಡು ಹಣ ಕೊಡಬೇಕು. ಹಳೆಯದನ್ನು ಕಸಕ್ಕೆ ಎಸೆಯಬೇಕಾಗಿಯೂ ಇಲ್ಲ. ಆಟಕ್ಕೆ ಸಾಲದ ಪ್ರೊಸೆಸರ್ ಪತ್ರ ಬರೆಯಲು, ಪಾಠ ಕೇಳಲು, ಲೆಕ್ಕಪತ್ರ ಇಡಲು ಹೇರಳವಾಗಿ ಸಾಕು.

ಮೂರು ಮನೆಗಳ ಲೆಕ್ಕ ಹೀಗೆ ಮುಗಿಯಿತು. ಒಂದಕ್ಕೆ ದೊಡ್ಡ ಖರ್ಚು, ಒಂದಕ್ಕೆ ಸಣ್ಣ ಖರ್ಚು, ಇನ್ನೊಂದಕ್ಕೆ ಒಂದು ತಂತಿ. ಮೂವರೂ ಒಂದೇ ದಿನ ಒಂದೇ ಅಂಗಡಿಗೆ ಹೋಗಿ ಒಂದೇ ಪ್ರೊಸೆಸರನ್ನು ಕೊಂಡಿದ್ದರೆ, ಇಬ್ಬರ ಹಣ ನೀರಿನಲ್ಲಿ ಹೋಮವಾಗುತ್ತಿತ್ತು.

ಮಂಡ್ಯದ ಮನೆಯಲ್ಲಿ ಅಂದು ಸಂಜೆ ಕೂಡಲೇ ಏನನ್ನೂ ಕೊಳ್ಳುವ ತೀರ್ಮಾನವಾಗಲಿಲ್ಲ. ಪರೀಕ್ಷೆಗಳು ಮುಗಿಯಲಿ, ಅಲ್ಲಿಯವರೆಗೆ ತಿಂಗಳು ತಿಂಗಳು ಇಷ್ಟೆಂದು ಕೂಡಿಡೋಣ ಎಂದಾಯಿತು. ಮಗನಿಗೆ ಅದರಿಂದ ಬೇಸರವಾಗಲಿಲ್ಲ. ಏಕೆಂದರೆ ಆ ಅರ್ಧ ಗಂಟೆ ಆತ ಆಡುತ್ತ ಅಂಕಿಗಳನ್ನು ಓದಿ ಹೇಳಿದಂತೆಲ್ಲ, ಪಕ್ಕದ ಕುರ್ಚಿಯಲ್ಲಿ ಕುಳಿತು ಕಾಗದದ ಮೇಲೆ ಬರೆದುಕೊಂಡವರು ತಂದೆಯೇ. ಮಗನ ಆಟದ ಮುಂದೆ ಅವರು ಕುಳಿತದ್ದು ಅದೇ ಮೊದಲು. "ನಲವತ್ತೊಂದು, ನಲವತ್ತಮೂರು" ಎಂದು ಎರಡು ಸಲ ಓದಿ, "ಹೌದಪ್ಪ, ಗಾಣ ಸಾಲದು" ಎಂದು ಅವರೇ ಒಪ್ಪಿಕೊಂಡರು.

ಬಾಗಿಲಲ್ಲಿ ನಿಂತಿದ್ದ ತಾತ ಕೋಲನ್ನು ಗೋಡೆಗೆ ಒರಗಿಸಿ, ಇನ್ನೊಂದು ಕುರ್ಚಿ ಎಳೆದುಕೊಂಡರು.

"ಅದಿರ್ಲಿ, ಬೆಲ್ಲ ಎಂಗೈತೆ ತೋರ್ಸು ನೋಡನ."